ಮೂರನೆಯ ಹೆರಿಗೆಗೆ ಹಣ ಬರುವುದಿಲ್ಲವೇ?

ಪ್ರಶ್ನೆ: ನಾನು ಕೂಲಿ ಮಾಡುವವಳು, ಬಿಪಿಎಲ್ ಕಾರ್ಡ್ ಇದೆ. ಮೊದಲ ಮಗಳು ಹುಟ್ಟಿದಾಗ ಮಾತೃವಂದನಾ ಯೋಜನೆಯಲ್ಲಿ 5,000 ರೂಪಾಯಿ ಬಂತು. ಎರಡನೆಯವನು ಗಂಡು, ಏನೂ ಸಿಗಲಿಲ್ಲ. ಈಗ ಮೂರನೆಯದಕ್ಕೆ ಆರು ತಿಂಗಳು. ಹೆಣ್ಣಾದರೆ ಹಣ ಬರುತ್ತದೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ನಿಜವೇ?

ಉತ್ತರ: ಇಲ್ಲ, ತಾಯಿ. 'ಹೆಣ್ಣಾದರೆ' ಎಂಬ ಮಾತು ಎರಡನೆಯ ಹೆರಿಗೆಗಷ್ಟೇ. ಆಗ 6,000 ಕೊಡುತ್ತಾರೆ. ಮೂರನೆಯ ಮಗು ಗಂಡಾದರೂ ಹೆಣ್ಣಾದರೂ ಆ ಯೋಜನೆಯ ಲೆಕ್ಕಕ್ಕಿಲ್ಲ.

ಅಂಗನವಾಡಿ ಮೇಲ್ವಿಚಾರಕಿಯಾಗಿದ್ದಾಗ ಇದೇ ಉತ್ತರವನ್ನು ಎಷ್ಟೋ ಗರ್ಭಿಣಿಯರಿಗೆ ಹೇಳಿದ್ದೇನೆ, ಪ್ರತಿ ಸಲವೂ ತಲೆ ತಗ್ಗಿಸಿಕೊಂಡೇ. 2013ರ ಆಹಾರ ಭದ್ರತಾ ಕಾಯ್ದೆಯ 4ನೇ ಸೆಕ್ಷನ್ ಗರ್ಭಿಣಿ, ಬಾಣಂತಿಯರಿಗೆ 6,000ಕ್ಕೆ ಕಡಿಮೆಯಿಲ್ಲದ ನೆರವು ಸಿಗಬೇಕು ಎನ್ನುತ್ತದೆ. ಸರ್ಕಾರಿ ನೌಕರಿಯವರನ್ನು, ಬೇರೆ ಕಾನೂನಿನಡಿ ಇಂಥದೇ ಸೌಲಭ್ಯ ಪಡೆಯುವವರನ್ನು ಹೊರಗಿಟ್ಟಿದೆ, ನಿಜ. ಆದರೆ ಎಷ್ಟನೆಯ ಹೆರಿಗೆ ಎಂದು ಕೇಳಿಲ್ಲ! ಅದನ್ನು ಕೇಳಿದ್ದು ಆಮೇಲೆ ಬಂದ ಯೋಜನೆ. ಕೂಲಿ ತಪ್ಪುವ ದಿನಗಳಿಗೆಂದೇ ಈ ಹಣ ಇರುವುದು. ಮೂರನೆಯ ಬಾಣಂತನದಲ್ಲೂ ಕೂಲಿ ತಪ್ಪುತ್ತದೆ, ಮನೆಯಲ್ಲಿ ಉಣ್ಣಲು ಕಾದ ಮಕ್ಕಳು ಮಾತ್ರ ಇಬ್ಬರು ಹೆಚ್ಚು. ಕಾರ್ಖಾನೆಯ ಹೆಂಗಸರಿಗೂ ಹೀಗೆಯೇ: ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ಸಂಬಳಸಹಿತ ಹೆರಿಗೆ ರಜೆ 26 ವಾರವಾಯಿತು, ಆಗಲೇ ಇಬ್ಬರು ಮಕ್ಕಳಿರುವವರಿಗೆ ಹಳೆಯ 12 ವಾರವೇ ಉಳಿಯಿತು. ಮೂರನೆಯ ಸಲ ಮೈ ಬೇಗ ಸುಧಾರಿಸುತ್ತದೆ ಎಂದು ಇವರಿಗೆ ಯಾವ ಸೂಲಗಿತ್ತಿ ಹೇಳಿದಳೋ!

ನಿಮಗೆ ಸಿಗುವುದನ್ನು ಬಿಡಬೇಡಿ. ಅಂಗನವಾಡಿಯ ಊಟ ಮೂರನೆಯ ಬಸುರಿಗೂ ಉಂಟು, ಹೆರಿಗೆಯಾಗಿ ಆರು ತಿಂಗಳವರೆಗೆ. ಹೆಸರು ಬರೆಸದಿದ್ದರೆ ನಾಳೆಯೇ ಬರೆಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಜನನಿ ಸುರಕ್ಷಾ ಯೋಜನೆಯಡಿ ಬಿಪಿಎಲ್ ತಾಯಂದಿರಿಗೆ ಹಣವಿದೆ, ಹಳ್ಳಿಯವರಿಗೆ 700 ರೂಪಾಯಿ. ಇದಕ್ಕೂ ಮೊದಲು ಎರಡೇ ಹೆರಿಗೆಯ ಮಿತಿಯಿತ್ತು, 2013ರಲ್ಲಿ ತೆಗೆದರು. ಹಳೆಯ ನಿಯಮ ಹೇಳಿ ಯಾರಾದರೂ ವಾಪಸು ಕಳಿಸಿದರೆ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡು ಮತ್ತೆ ಹೋಗಿ. ತಾಯಿ ಕಾರ್ಡ್ ಕೈಯಲ್ಲಿರಲಿ.

ಇನ್ನೊಂದು. ಬಿಪಿಎಲ್ ಕಾರ್ಡಿನ ಅಕ್ಕಿ ತಲೆ ಲೆಕ್ಕದ್ದು. ಮಗುವಿನ ಜನನ ಪತ್ರ ಬಂದ ಮೇಲೆ ಕಾರ್ಡಿಗೆ ಹೆಸರು ಸೇರಿಸಲು ಅರ್ಜಿ ಹಾಕಿ. ಎರಡನೆಯವನ ಹೆಸರು ಸೇರಿದೆಯೇ? ಅದನ್ನೂ ಒಮ್ಮೆ ನೋಡಿಕೊಳ್ಳಿ.