ಹೆಳವ ಭಿಕ್ಷುಕನ ಮೇಲಿನ ಪದ್ಯ: ಪದಗಳ ಆಯ್ಕೆ ಬಗ್ಗೆ ಏನು ಬರೆಯಬೇಕು?

ಹುಬ್ಬಳ್ಳಿ ಸಿದ್ಧಾರೂಢ ಮಠದ ಹತ್ತಿರದ ಭಿಕ್ಷುಕನ ಮೇಲೆ ನಿಮ್ಮ ಕಾಲೇಜು ಸಂಚಿಕೆಯಲ್ಲಿ ಬಂದ ಸಾಲುಗಳು ಇವು:

ಕಟ್ಟೀ ಬುಡಕ ಕುಂತಾನ ಹೆಳವ
ಹರಡ್ಯಾನ ಮುಂದ ಹರಕ ಅರಿವಿ
ಬಿದ್ದ ಚಿಲ್ರ ಎಣಸೂದಿಲ್ಲ
ಹೋಗೋ ಕಾಲ ಎಣಸತಾನ

ಇವುಗಳ ಪದಗಳ ಆಯ್ಕೆ ಮೇಲೆ ವಿಶ್ಲೇಷಣೆ ಬರೆಯಬೇಕಾದ ನೀವು, ‘ಹೆಳವ’ (ನಡೆಯಲಾರದವನು) ಅನ್ನೋದು ಅವಮಾನ ಅಲ್ಲವೇ ಎಂದು ಕೇಳಿದ್ದೀರಿ. ಆ ಪದ ತೆಗೆದು ಬೇರೊಂದನ್ನು ಕೂಡಿಸಿ ಗಟ್ಟಿಯಾಗಿ ಓದಿ ನೋಡಿ. ‘ಕುಂಟ’ ಕುಂಟುತ್ತಲಾದರೂ ನಡೆಯುವವನು. ಅವನನ್ನು ಕೂರಿಸಿದರೆ ಕೊನೆಯ ಸಾಲಿನ ಕಸುವೇ ಹೋಯಿತು. ‘ವಿಕಲಚೇತನ’ ಗೌರವದ ಪದ ಖರೆ, ಆದರೆ ಅರ್ಜಿ, ಪ್ರಮಾಣಪತ್ರದ ಭಾಷೆ. ‘ಹೆಳವ’ ಹಳೆಯ ಪದ. ‘ಅತ್ತಲಿತ್ತ ಹೋಗದಂತೆ ಹೆಳವನ ಮಾಡಯ್ಯ ತಂದೆ’ ಎಂದು ಬಸವಣ್ಣ ತನಗಾಗಿಯೇ ಬೇಡಿಕೊಂಡಿದ್ದಾನೆ. ಹಾಗಂತ ಇವತ್ತು ಒಬ್ಬರ ಮುಖಕ್ಕೆ ಅನ್ನುವ ಪದ ಅಲ್ಲ. ಇದನ್ನೂ ಒಂದು ವಾಕ್ಯದಲ್ಲಿ ಬರೆಯಿರಿ. ಎತ್ತಿನ ಮೇಲೆ ಬಂದು ವಂಶಾವಳಿ ಹೇಳುವ ಹೆಳವರನ್ನು ಮಾತ್ರ ಎಳೆದು ತರಬೇಡಿ, ಪದ್ಯದೊಳಗೆ ಅದಕ್ಕೆ ಆಧಾರವಿಲ್ಲ. ‘ಅರಿವಿ’ಯಲ್ಲಿ ‘ಅರಿವು’ ಹುಡುಕುವುದೂ ಅಷ್ಟೇ. ಅರಿವಿ ಅಂದರೆ ಬಟ್ಟೆ, ಮುಗೀತು.

‘ಕುಂತಾನ’ ಏಕವಚನವಾದ್ದರಿಂದ ತಿರಸ್ಕಾರ ಎಂದು ಬರೆದರೆ ತಪ್ಪಾಗುತ್ತದೆ. ಈ ಕಡೆ ಗುಡಿಯೊಳಗಿನ ಶಿವನೂ ‘ಕುಂತಾನ’ ಅಂತಲೇ.

ಇನ್ನು ಇಲ್ಲದ ಪದಗಳನ್ನು ನೋಡಿ. ಬೇಡು, ಭಿಕ್ಷೆ, ದಾನ, ಪಾಪ, ಅಯ್ಯೋ: ಒಂದೂ ಇಲ್ಲ. ಚಿಲ್ಲರೆ ‘ಕೊಟ್ಟ’ದ್ದಲ್ಲ, ‘ಬಿದ್ದ’ದ್ದು. ಕೊಡುವವನನ್ನು ಕವಿ ಸಾಲಿನೊಳಗೆ ಬಿಟ್ಟುಕೊಂಡೇ ಇಲ್ಲ. ಹೀಗಿರುವಾಗ ‘ಕವಿ ಕರುಣೆ ಮೂಡಿಸಿದ್ದಾರೆ’ ಎಂದು ಬರೆದರೆ ಯಾವ ಪದದಿಂದ ಎಂದು ಮೌಲ್ಯಮಾಪಕರು ಕೇಳಿಯೇ ಕೇಳುತ್ತಾರೆ.

ಹೆಚ್ಚು ಜಾಗ ಕೊನೆಯ ಸಾಲಿಗೆ ಕೊಡಿ. ಅವನು ಕೂತದ್ದು ಕಟ್ಟೆಯ ಮೇಲಲ್ಲ, ಬುಡದಲ್ಲಿ. ಅಲ್ಲಿಂದ ಕಣ್ಣೆದುರು ಬರುವುದು ಜನರ ಮುಖವಲ್ಲ, ಮೊಣಕಾಲು, ಚಪ್ಪಲಿ. ಅಂದರೆ ‘ಬುಡಕ’ ಎಂಬ ಮೊದಲ ಸಾಲಿನ ಪದವೇ ‘ಕಾಲ’ಕ್ಕೆ ಜಾಗ ಮಾಡಿ ಇಟ್ಟಿದೆ. ಧಾರವಾಡದ ಮಾತಿನಲ್ಲಿ ‘ಕಾಲು’ ‘ಕಾಲ’ ಆಗುತ್ತದೆ, ಹೀಗಾಗಿ ‘ಹೋಗೋ ಕಾಲ’ ದಾಟಿ ಹೋಗುವ ಕಾಲುಗಳೂ ಹೌದು, ಸರಿಯುವ ಹೊತ್ತೂ ಹೌದು. ನಡೆಯಲಾರದವನು ಎರಡನ್ನೂ ಎಣಿಸುತ್ತಾನೆ. ಕೊನೆಯ ಎರಡು ಸಾಲಿಗೂ ತಲಾ 13 ಮಾತ್ರೆ (ಉಚ್ಚಾರದ ಹೊತ್ತಿನ ಅಳತೆ), ಎರಡರಲ್ಲೂ ಒಂದೇ ಕ್ರಿಯಾಪದ. ಒಂದು ಕಡೆ ‘ಇಲ್ಲ’, ಇನ್ನೊಂದು ಕಡೆ ‘ತಾನ’. ತೂಕ ಸಮನಾದ್ದರಿಂದ ವ್ಯತ್ಯಾಸ ಕಿವಿಗೆ ನೇರ ತಾಗುತ್ತದೆ.

ಬಹಳ ಮಂದಿ ಕೆಡಿಸುವುದು ಇಲ್ಲೇ. ಮೊದಲು ಸಾಲನ್ನು ಗ್ರಾಂಥಿಕಕ್ಕೆ ತಿರುಗಿಸಿಕೊಂಡು ಆಮೇಲೆ ವಿಶ್ಲೇಷಣೆಗೆ ಕೂಡುತ್ತಾರೆ. ‘ಹೋಗುವ ಕಾಲುಗಳನ್ನು ಎಣಿಸುತ್ತಾನೆ’ ಎಂದರೆ 18 ಮಾತ್ರೆ, ‘ಕಾಲ’ದ ಶ್ಲೇಷೆ (ಒಂದೇ ಪದದ ಎರಡು ಅರ್ಥ) ಸತ್ತಿತು, ಹೊತ್ತು ಮಾಯವಾಯಿತು. ಉಲ್ಲೇಖಿಸುವಾಗ ಸಾಲು ಇದ್ದ ಹಾಗೇ ಇರಲಿ. ಅರ್ಥವನ್ನು ಪಕ್ಕದಲ್ಲಿ ನಿಮ್ಮ ಮಾತಿನಲ್ಲಿ ಬರೆಯಿರಿ.