ಮಸ್ಕತ್‌ನಿಂದ ವಾದಿ ಶಾಬ್ ಈಜು ಮತ್ತು ರಾಸ್ ಅಲ್ ಜಿನ್ಜ್ ಕಡಲಾಮೆ: ಅಮ್ಮ, ಮಗನ ಜೊತೆ ಗೈಡೆಡ್ ಟ್ರಿಪ್ ಮಾಡಬಹುದಾ?

ಮಾಡಬಹುದು. ಆದರೆ ಒಂದೇ ದಿನದ ಪ್ಯಾಕೇಜ್ ಬೇಡ, ಒಂದು ರಾತ್ರಿ ಉಳಿಯುವುದನ್ನೇ ತೆಗೆದುಕೊಳ್ಳಿ.

ನೀವು ಬರೆದಿರುವುದು ಇಷ್ಟು ಅಲ್ವಾ: ದಸರಾ ರಜೆಗೆ ಮಸ್ಕತ್‌ನಲ್ಲಿರುವ ತಮ್ಮನ ಮನೆಗೆ ಬರುತ್ತಿದ್ದೀರಿ. ಜೊತೆಗೆ ಹೆಂಡತಿ, 9 ವರ್ಷದ ಮಗ, ಮಂಡಿನೋವಿರುವ ಅಮ್ಮ. ನಿಮಗೆ ಈಜು ಅಷ್ಟಕ್ಕಷ್ಟೇ. ಒಂದು ಕಂಪನಿಯವರು ಬೆಳಿಗ್ಗೆ ಹೊರಟು ನಡುರಾತ್ರಿ ವಾಪಸ್ ಬಿಡುತ್ತಾರಂತೆ, ಇನ್ನೊಬ್ಬರು ಒಂದು ರಾತ್ರಿ ತಂಗಿಸುತ್ತಾರಂತೆ. ಎರಡನೆಯದಕ್ಕೆ ದುಡ್ಡು ಜಾಸ್ತಿ. ಅಷ್ಟು ಕೊಡಬೇಕಾ, ಇಲ್ಲ ತಮ್ಮನ ಕಾರಲ್ಲೇ ಹೋಗಬಹುದಾ ಅಂತ ಕೇಳಿದ್ದೀರಿ.

ನಾನು ಮಸ್ಕತ್‌ನಲ್ಲೇ ಇರುವವನು, ಊರು ಹೊನ್ನಾವರದ ಕಡೆ. ಬಂದ ನೆಂಟರನ್ನೆಲ್ಲ ಈ ದಾರಿಯಲ್ಲಿ ಸುತ್ತಿಸುವುದು ನಮ್ಮ ಮನೆಯಲ್ಲಿ ಒಂಥರಾ ಡ್ಯೂಟಿ. ಸ್ವಂತ ಕಾರಲ್ಲೂ ಹೋಗಿದ್ದೇನೆ, ಗೈಡ್ ಜೊತೆಗೂ ಹೋಗಿದ್ದೇನೆ.

ವಾದಿ ಶಾಬ್ ಅನ್ನುವ ಕಣಿವೆಯಲ್ಲಿ ಈಜು, ರಾಸ್ ಅಲ್ ಜಿನ್ಜ್ ಅನ್ನುವ ಕಡಲ ದಡದಲ್ಲಿ ಆಮೆ, ಈ ಎರಡನ್ನೂ ಒಂದೇ ಟ್ರಿಪ್‌ಗೆ ಸೇರಿಸುವುದರಲ್ಲಿ ಒಂದು ತೊಡಕಿದೆ, ಪ್ಯಾಕೇಜ್ ಮಾರುವವರು ಅದನ್ನು ಹೇಳುವುದಿಲ್ಲ. ಕಣಿವೆಗೆ ಹಗಲು ಬೇಕು, ಆಮೆಗೆ ಕತ್ತಲು ಬೇಕು. ಕಣಿವೆಯಲ್ಲಿ ನಡೆಯಲು ತಂಪಿನ ತಿಂಗಳು ಚೆಂದ, ಅಂದರೆ ನವೆಂಬರ್‌ನಿಂದ ಮಾರ್ಚ್. ಆಮೆಗಳು ಗುಂಪುಗುಂಪಾಗಿ ದಡಕ್ಕೆ ಬರುವುದು ಬೇಸಿಗೆಯಲ್ಲಿ, ಜೂನ್‌ನಿಂದ ಸೆಪ್ಟೆಂಬರ್ ಸುಮಾರಿಗೆ. ವರ್ಷಪೂರ್ತಿ ಒಂದೋ ಎರಡೋ ಬರುತ್ತವೆ ನಿಜ, ಆದರೆ ಜನವರಿಯಲ್ಲಿ ಹೋಗಿ ಖಾಲಿ ಮರಳು ನೋಡಿ ವಾಪಸ್ ಬಂದವರು ಬೇಕಾದಷ್ಟಿದ್ದಾರೆ. ಜುಲೈನಲ್ಲಿ ಬಂದರೆ ಆಮೆ ಸಿಗುತ್ತದೆ, ಕಣಿವೆಯಲ್ಲಿ ಮಾತ್ರ ನೀವು ಬೆಂದುಹೋಗುತ್ತೀರಿ. ಎರಡೂ ಕಡೆ ಬಂಡೆ, ಮಧ್ಯೆ ಗಾಳಿ ಇಲ್ಲ, 40 ಡಿಗ್ರಿ ದಾಟಿರುತ್ತದೆ. ನಿಮ್ಮ ಅದೃಷ್ಟಕ್ಕೆ ದಸರಾ ರಜೆ ಸರಿಯಾಗಿ ನಡುವೆ ಬೀಳುತ್ತದೆ. ಆಮೆಗಳು ಇನ್ನೂ ಬರುತ್ತಿರುತ್ತವೆ, ಬಿಸಿಲು ಇರುತ್ತದೆ, ಆದರೆ ಬೆಳಿಗ್ಗೆ ಏಳಕ್ಕೆಲ್ಲ ಕಣಿವೆಯಲ್ಲಿದ್ದರೆ ತಡೆದುಕೊಳ್ಳಬಹುದು.

ಇನ್ನು ದೂರ. ಮಸ್ಕತ್‌ನಿಂದ ವಾದಿ ಶಾಬ್ ಸುಮಾರು 150 ಕಿಲೋಮೀಟರ್, ರಾಸ್ ಅಲ್ ಜಿನ್ಜ್ ಸುಮಾರು 250. ಒಂದೇ ದಿನ ಅಂದರೆ ಹೋಗಿ ಬರುವುದೇ 500 ಕಿಲೋಮೀಟರ್. ಅದರ ಮಧ್ಯೆ ಬಂಡೆ ಹತ್ತಿ, ಈಜಿ, ಮತ್ತೆ ಅದೇ ದಾರಿಯಲ್ಲಿ ವಾಪಸ್ ನಡೆದು, ಒದ್ದೆ ಬಟ್ಟೆಯಲ್ಲಿ ಗಾಡಿ ಹತ್ತಿ, ರಾತ್ರಿ ಒಂಬತ್ತರ ತನಕ ಕಾದು, ಮರಳಲ್ಲಿ ನಡೆದು, ಆಮೆ ಸಿಗುವ ತನಕ ಸುಮ್ನೆ ನಿಲ್ಲಬೇಕು. ನಿಮ್ಮ ಮಗ ಅಷ್ಟೊತ್ತಿಗೆ ನಿಮ್ಮ ಹೆಗಲ ಮೇಲೆ ನಿದ್ದೆ ಹೋಗಿರುತ್ತಾನೆ. ಆಮೇಲೆ ಡ್ರೈವರ್ ಕೂಡ ನಿದ್ದೆಗಣ್ಣಲ್ಲೇ ಮೂರು ಗಂಟೆ ಗಾಡಿ ಓಡಿಸಬೇಕು. ಹೈವೇ ಚೆನ್ನಾಗಿದೆ, ಆದರೆ ದಾರಿಯಲ್ಲಿ ಸಿಗುವ ಸೂರ್ ಪಟ್ಟಣದಿಂದ ಆಚೆ ರಾತ್ರಿ ಒಂಟೆಗಳು ರಸ್ತೆಗೆ ಬರುತ್ತವೆ. ಹೆಚ್ಚಿಗೆ ಕೊಡುವ ದುಡ್ಡು ನಿಜಕ್ಕೂ ಬರೀ ರೂಮಿಗಲ್ಲ, ಈ ರಾತ್ರಿ ಡ್ರೈವ್ ತಪ್ಪಿಸುವುದಕ್ಕೆ.

ವಾದಿ ಶಾಬ್ ವಿಷಯಕ್ಕೆ ಬರೋಣ. ತಿವಿ ಅನ್ನುವ ಊರಿನ ಪಕ್ಕ, ಹೈವೇ ಸೇತುವೆಯ ಕೆಳಗೇ ಗಾಡಿ ನಿಲ್ಲಿಸುತ್ತಾರೆ. ಶೌಚಾಲಯ ಅಲ್ಲೇ ಮುಗಿಸಿಕೊಳ್ಳಿ, ಒಳಗಡೆ ಏನೂ ಇಲ್ಲ. ಅಲ್ಲಿಂದ ಸಣ್ಣ ದೋಣಿಯಲ್ಲಿ ಆಚೆ ದಡಕ್ಕೆ ದಾಟಿಸುತ್ತಾರೆ, ಎರಡೇ ನಿಮಿಷ, ಹೋಗಿ ಬರಲು ತಲೆಗೆ ಒಂದು ರಿಯಾಲ್. ದೋಣಿ ಸಂಜೆ ನಿಂತುಹೋಗುತ್ತದೆ, ಹಾಗಾಗಿ ಮಧ್ಯಾಹ್ನದ ಮೇಲೆ ಶುರು ಮಾಡುವ ಯೋಚನೆ ಬೇಡ. ಶುಕ್ರವಾರ, ಶನಿವಾರ ಇಲ್ಲಿ ವಾರದ ರಜೆ. ಆ ಎರಡು ದಿನ ಆದಷ್ಟು ಬಿಡಿ.

ದಾಟಿದ ಮೇಲೆ ಮೊದಲು ಖರ್ಜೂರದ ತೋಟ, ಬಾಳೆ ಗಿಡ, ಪಕ್ಕದಲ್ಲಿ ನೀರು ಹರಿಸುವ ಹಳೇ ಕಾಲುವೆ. ಇಲ್ಲಿ ತನಕ ಯಾರು ಬೇಕಾದರೂ ಆರಾಮಾಗಿ ನಡೆಯಬಹುದು. ಆಮೇಲೆ ದಾರಿ ಕಿರಿದಾಗುತ್ತದೆ, ದೊಡ್ಡ ಬಂಡೆಗಳ ಮೇಲೆ ಕೈಯೂರಿ ಹತ್ತಬೇಕು, ಒಂದೆರಡು ಕಡೆ ಗೋಡೆಗೆ ಅಂಟಿದ ಕಟ್ಟೆಯ ಮೇಲೆ ಹೋಗಬೇಕು. ಮುಕ್ಕಾಲು ಗಂಟೆ ನಡೆದರೆ ಈಜುವ ಮಡು ಸಿಗುತ್ತದೆ. ಹಸಿರು ಗಾಜಿನ ಬಣ್ಣದ ನೀರು, ತಳದ ಕಲ್ಲು ಲೆಕ್ಕ ಹಾಕಬಹುದು ಅಷ್ಟು ತಿಳಿ. ಒಂದರ ಹಿಂದೆ ಒಂದು ಮಡು, ಮಧ್ಯೆ ಮಧ್ಯೆ ಎದೆಮಟ್ಟ, ಮೊಣಕಾಲು ಮಟ್ಟ. ಈಜುವುದಕ್ಕಿಂತ ಆ ಜಾರುವ ಕಲ್ಲುಗಳ ಮೇಲೆ ನಿಲ್ಲುವುದೇ ಕಷ್ಟ, ಹವಾಯಿ ಚಪ್ಪಲಿ ಹಾಕಿಕೊಂಡು ಬಂದವರು ಅಲ್ಲೇ ಬೀಳುವುದು. ಹಿಮ್ಮಡಿಗೆ ಪಟ್ಟಿ ಇರುವ, ಒದ್ದೆಯಾದರೂ ಪರವಾಗಿಲ್ಲ ಅನ್ನುವ ಸ್ಯಾಂಡಲ್ ತನ್ನಿ.

ಕೊನೆಯ ಮಡುವಿನ ತುದಿಯಲ್ಲಿ ಬಂಡೆ ಮುಚ್ಚಿಕೊಂಡಂತೆ ಕಾಣುತ್ತದೆ. ಮುಚ್ಚಿಲ್ಲ. ತಲೆ ತೂರುವಷ್ಟು ಒಂದು ಸಂದಿ ಇದೆ, ನೀರು ಗದ್ದದ ತನಕ, ಕಾಲ ಕೆಳಗೆ ತಳವಿಲ್ಲ, ಎರಡೂ ಕೈ ಬಂಡೆಗೆ ಒತ್ತಿಕೊಂಡು ಮೂಗು ಮೇಲೆ ಮಾಡಿ ಹೋಗಬೇಕು. ಒಳಗೆ ಗುಹೆ, ಮೇಲಿನಿಂದ ಬೆಳಕು, ಒಂದು ಜಲಪಾತ, ಹತ್ತಲು ಹಗ್ಗ. 2012ರಲ್ಲಿ ರೆಡ್ ಬುಲ್ ಕ್ಲಿಫ್ ಡೈವಿಂಗ್ ಸರಣಿಯ ಕೊನೆಯ ಸುತ್ತು ಇದೇ ಕಣಿವೆಯಲ್ಲಿ ನಡೆದಿತ್ತು, ಆಮೇಲೆ ಈ ಜಾಗ ಎಲ್ಲರ ಬಾಯಲ್ಲೂ ಬಂತು. ಅದನ್ನು ನೋಡಿ ಮೇಲಿಂದ ಹಾರಲು ಹೋಗಬೇಡಿ, ಅವರು ಆಳ ನೋಡಿಕೊಂಡು ಹಾರುವವರು.

ನಿಮಗೆ ಗೈಡ್ ಬೇಕೇ ಬೇಕು ಅನ್ನುವುದು ಇಲ್ಲಿ. ಕಣಿವೆಯಲ್ಲಿ ಲೈಫ್‌ಗಾರ್ಡ್ ಇರುತ್ತಾರೆ ಅಂತ ನಂಬಿಕೊಂಡು ಹೋಗುವಂತಿಲ್ಲ. ಈಜು ಬಲ್ಲ ನಾಲ್ಕು ಜನ ಗೆಳೆಯರಾದರೆ ಗೈಡ್ ಖರ್ಚು ದಂಡ ಅಂತಲೇ ಹೇಳುತ್ತಿದ್ದೆ, ದಾರಿ ತಪ್ಪುವ ಜಾಗವೇ ಅಲ್ಲ. ಆದರೆ ನೀವು ಅರೆಬರೆ ಈಜುಗಾರರು, ಜೊತೆಗೆ ಹುಡುಗ. ಲೈಫ್ ಜಾಕೆಟ್ ಹಾಕಿಕೊಂಡು, ಪಕ್ಕದಲ್ಲಿ ಒಬ್ಬ ಬಲ್ಲವನಿದ್ದರೆ ಮಡುಗಳನ್ನೆಲ್ಲ ಧೈರ್ಯವಾಗಿ ದಾಟಬಹುದು. ಸಂದಿಯ ಹತ್ತಿರ ಹೋಗಿ ನೋಡಿ, ಅಲ್ಲಿಂದಲೇ ತಿರುಗಿ. ಜಾಕೆಟ್ ಹಾಕಿಕೊಂಡು ಅದರೊಳಗೆ ತೂರುವುದು ಕಷ್ಟ, ಬಿಚ್ಚಿ ಹೋಗುವಷ್ಟು ಈಜು ನಿಮಗಿಲ್ಲ. ಮಗನಿಗಂತೂ ಬೇಡ, ಎಷ್ಟೇ ಹಟ ಮಾಡಲಿ. ಒಳಗಿನ ಜಲಪಾತ ತಪ್ಪಿತು ಅಂತ ಬೇಜಾರಾಗುತ್ತದೆ, ಆಗಲಿ.

ಮಳೆ ಸೂಚನೆ ಇದ್ದರೆ ಮಾತ್ರ ಯಾವ ಗೈಡ್ ಹೇಳಿದರೂ ಕಣಿವೆಗೆ ಇಳಿಯಬೇಡಿ. ಬರೀ ನೀವಿರುವ ಜಾಗದ ಮಳೆಯಲ್ಲ, ಹಿಂದಿನ ಹಜರ್ ಬೆಟ್ಟದ ಮಳೆ. ಬೋಳು ಬಂಡೆ, ನೀರು ಇಂಗಲು ಮಣ್ಣಿಲ್ಲ, ಬಿದ್ದದ್ದೆಲ್ಲ ಒಟ್ಟಿಗೆ ಕೆಳಗೆ ಬರುತ್ತದೆ. ನಿಮ್ಮ ತಲೆ ಮೇಲೆ ನೀಲಿ ಆಕಾಶ ಇರುವಾಗಲೇ ಪ್ರವಾಹ ಬರಬಹುದು. 2024ರ ಏಪ್ರಿಲ್ ಮಳೆಯಲ್ಲಿ ಒಮಾನ್‌ನಲ್ಲಿ ಶಾಲಾ ಮಕ್ಕಳೂ ಸೇರಿ ಹಲವರು ಹೀಗೆ ಕೊಚ್ಚಿಹೋದರು.

ಅಮ್ಮನ ಬಗ್ಗೆ. ಅವರನ್ನು ಬಂಡೆ ಹತ್ತಿಸಬೇಡಿ. ದೋಣಿ ದಾಟಿ ತೋಟದ ತನಕ ಬರಲಿ, ನಿಮ್ಮ ಹೆಂಡತಿಯೋ ನೀವೋ ಸರದಿಯಲ್ಲಿ ಜೊತೆಗಿರಿ. ಇಲ್ಲದಿದ್ದರೆ ಇದೇ ದಾರಿಯಲ್ಲಿ ಮೊದಲೇ ಸಿಗುವ ಬಿಮ್ಮಾ ಸಿಂಕ್‌ಹೋಲ್‌ನಲ್ಲಿ ಅವರಿಗೆ ಒಂದು ಗಂಟೆ ಕೊಡಿ. ಸುಣ್ಣದ ಕಲ್ಲು ಕರಗಿ ಕುಸಿದು ಆದ ದೊಡ್ಡ ಗುಂಡಿ, ತಳದಲ್ಲಿ ನೀಲಿ ನೀರು. ಸುತ್ತ ಪಾರ್ಕ್ ಮಾಡಿದ್ದಾರೆ, ಇಳಿಯಲು ಕಾಂಕ್ರೀಟ್ ಮೆಟ್ಟಿಲಿದೆ. ಇಳಿಯಲು ಆಗದಿದ್ದರೆ ಮೇಲಿನಿಂದಲೇ ಪೂರ್ತಿ ಕಾಣುತ್ತದೆ. ನಿಮ್ಮ ಮಗನಿಗೆ ಇದೇ ವಾದಿ ಶಾಬ್‌ಗಿಂತ ಜಾಸ್ತಿ ಇಷ್ಟವಾದರೂ ಆಶ್ಚರ್ಯವಿಲ್ಲ, ನೀರಿಗೆ ಕಾಲು ಬಿಟ್ಟರೆ ಸಣ್ಣ ಮೀನುಗಳು ಬಂದು ಕಚಗುಳಿ ಇಡುತ್ತವೆ.

ಮಧ್ಯಾಹ್ನ ಊಟಕ್ಕೆ ಸೂರ್. ಮಲಯಾಳಿ ಹೋಟೆಲುಗಳಿವೆ, ಪರೋಟ ಚಹಾಕ್ಕೆ ಬರವಿಲ್ಲ. ಅಮ್ಮ ಸಸ್ಯಾಹಾರಿ ಅಂದಿದ್ದೀರಿ, ಅವರಿಗೆ ಮಾತ್ರ ತಮ್ಮನ ಮನೆಯಿಂದಲೇ ಚಪಾತಿ ಪಲ್ಯ ಕಟ್ಟಿಸಿಕೊಂಡು ಬನ್ನಿ. ಸೂರ್‌ನಲ್ಲಿ ಮರದ ಹಡಗು ಕಟ್ಟುವ ಜಾಗ ಇದೆ. ಹಿಂದೆಲ್ಲ ಇದಕ್ಕೆ ತೇಗ ಹೋಗುತ್ತಿದ್ದುದು ನಮ್ಮ ಪಶ್ಚಿಮ ಕರಾವಳಿಯಿಂದ. ಅದನ್ನು ಎರಡನೇ ದಿನಕ್ಕೆ ಇಟ್ಟುಕೊಳ್ಳಿ, ಮೊದಲ ದಿನ ರೂಮಿಗೆ ಹೋಗಿ ಮಲಗಿ.

ಈಗ ಆಮೆ. ರಾಸ್ ಅಲ್ ಜಿನ್ಜ್ 1996ರಿಂದ ಸಂರಕ್ಷಿತ ಪ್ರದೇಶ. ಅಲ್ಲಿ ಕತ್ತಲಲ್ಲಿ ನಿಮ್ಮಷ್ಟಕ್ಕೆ ನೀವು ದಡಕ್ಕೆ ಹೋಗುವಂತಿಲ್ಲ, ಅಲ್ಲಿನ ಆಮೆ ಕೇಂದ್ರದ ಗೈಡ್ ಜೊತೆಗೇ ಹೋಗಬೇಕು. ಅಂದರೆ ಮಸ್ಕತ್ ಕಂಪನಿಯವನು ನಿಮ್ಮನ್ನು ಗೇಟಿನ ತನಕ ಬಿಡುತ್ತಾನೆ ಅಷ್ಟೇ, ಆಮೆ ತೋರಿಸುವವರು ಬೇರೆ. ತಮ್ಮನ ಕಾರಲ್ಲಿ ಬಂದರೂ ಇದೇ ವ್ಯವಸ್ಥೆ. ರಾತ್ರಿ ಒಂದು ಸರದಿ, ನಸುಕಿನಲ್ಲಿ ಇನ್ನೊಂದು. ಮೊದಲೇ ಬುಕ್ ಮಾಡಬೇಕು.

ಬರುವುದು ಹಸಿರು ಕಡಲಾಮೆ. ನಮ್ಮ ಹೊನ್ನಾವರ, ಕಾರವಾರದ ದಡಕ್ಕೆ ಚಳಿಗಾಲದಲ್ಲಿ ಮೊಟ್ಟೆ ಇಡಲು ಬರುವುದು ಆಲಿವ್ ರಿಡ್ಲಿ, ಅದು ಸಣ್ಣದು. ಇದು ನೂರು ಕಿಲೋ ದಾಟುತ್ತದೆ. ರಿಡ್ಲಿ ಒಂದು ಕಾಲಾದ ಮೇಲೆ ಒಂದು ಕಾಲು ಹಾಕಿ ನಡೆಯುತ್ತದೆ, ಹಸಿರು ಆಮೆ ಎರಡೂ ಮುಂಗಾಲನ್ನು ಒಟ್ಟಿಗೆ ಊರಿ ಮೈಯನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ಅದು ಹೋದ ದಾರಿ ಟ್ರ್ಯಾಕ್ಟರ್ ಹೋದ ಗುರುತಿನಂತೆ ಕಾಣುತ್ತದೆ. ಬೆಳಿಗ್ಗೆ ದಡದಲ್ಲಿ ಆ ಗುರುತುಗಳನ್ನು ಎಣಿಸುವುದೇ ಮಕ್ಕಳಿಗೆ ಒಂದು ಆಟ.

ಗೈಡ್ ಮುಂದೆ ಹೋಗಿ ಆಮೆ ಎಲ್ಲಿದೆ, ಏನು ಮಾಡುತ್ತಿದೆ ನೋಡಿಕೊಂಡು ಬರುತ್ತಾನೆ. ನೀರಿನಿಂದ ಮೇಲೆ ಬರುವಾಗ, ಗುಂಡಿ ತೋಡುವಾಗ ಅದಕ್ಕೆ ಬೆಳಕೋ ಸದ್ದೋ ಸೋಕಿದರೆ ಮೊಟ್ಟೆ ಇಡದೆ ವಾಪಸ್ ಹೋಗಿಬಿಡುತ್ತದೆ. ಮೊಟ್ಟೆ ಇಡಲು ಶುರು ಮಾಡಿದ ಮೇಲೆ ಅಷ್ಟು ಬೆದರುವುದಿಲ್ಲ. ಆಗ ಹಿಂದಿನಿಂದ ಕರೆದುಕೊಂಡು ಹೋಗುತ್ತಾರೆ. ನಾನು ಮೊದಲ ಸಲ ನೋಡಿದಾಗ ಗಮನ ಸೆಳೆದದ್ದು ಮೊಟ್ಟೆಯಲ್ಲ, ಹಿಂಗಾಲು. ಅಷ್ಟು ದೊಡ್ಡ ಮೈ, ಆದರೆ ಹಿಂಗಾಲಿನ ತುದಿಯನ್ನು ಅಂಗೈಯ ಹಾಗೆ ಮಡಚಿ, ಕಣ್ಣಿಗೆ ಕಾಣದ ಗುಂಡಿಯೊಳಗೆ ಬಿಟ್ಟು, ಒಂದು ಹಿಡಿ ಮರಳು ಎತ್ತಿ ಪಕ್ಕಕ್ಕೆ ಇಡುತ್ತದೆ. ಆಮೇಲೆ ಇನ್ನೊಂದು ಕಾಲು. ಗುಂಡಿಯ ಅಂಚು ಒಂದಿಷ್ಟೂ ಕುಸಿಯುವುದಿಲ್ಲ. ಮೊಟ್ಟೆಗಳು ಬೆಳ್ಳಗೆ, ಗುಂಡಗೆ, ಮೆತ್ತಗಿನ ಸಿಪ್ಪೆಯವು, ಎರಡು ಮೂರು ಒಟ್ಟಿಗೆ ಬೀಳುತ್ತವೆ, ಎಲ್ಲ ಸೇರಿ ನೂರರ ಆಸುಪಾಸು. ಕಣ್ಣಲ್ಲಿ ನೀರು ಸುರಿಯುತ್ತಿರುತ್ತದೆ, ನಿಮ್ಮ ಅಮ್ಮ ಹೆರಿಗೆ ನೋವು ಅಂದುಕೊಂಡಾರು. ಮೈಯಲ್ಲಿ ಸೇರಿದ ಉಪ್ಪನ್ನು ಅದು ಹಾಗೆ ಹೊರಹಾಕುವುದು, ಸಮುದ್ರದೊಳಗೂ ಹಾಕುತ್ತಲೇ ಇರುತ್ತದೆ.

ಮರಿ ಹೊರಬರಲು ಸುಮಾರು ಎರಡು ತಿಂಗಳು. ಮರಳು ಬಿಸಿ ಇದ್ದರೆ ಹೆಣ್ಣು ಜಾಸ್ತಿ, ತಂಪಿದ್ದರೆ ಗಂಡು. ಅಕ್ಟೋಬರ್‌ನಲ್ಲಿ ಹೋಗುವುದರ ಲಾಭ ಇಲ್ಲಿದೆ: ಆಗಸ್ಟ್‌ನಲ್ಲಿ ಇಟ್ಟ ಮೊಟ್ಟೆಗಳು ಒಡೆಯುವ ಹೊತ್ತು ಅದು. ದೊಡ್ಡ ಆಮೆ ಸಿಗದಿದ್ದರೂ ಮರಿಗಳು ನೀರಿನ ಕಡೆ ಓಡುವುದು ಕಾಣಸಿಗಬಹುದು. ಮರಿ ಬೆಳಕಿರುವ ಕಡೆಗೆ ಹೋಗುತ್ತದೆ, ಅದಕ್ಕೇ ಟಾರ್ಚ್ ಬೇಡ, ಮೊಬೈಲ್ ಜೇಬಲ್ಲೇ ಇರಲಿ ಅನ್ನುವುದು. ಒಂದು ಸಲ ನಮ್ಮ ಗುಂಪಿನಲ್ಲಿದ್ದ ಒಬ್ಬರು ಎಷ್ಟು ಹೇಳಿದರೂ ಕೇಳದೆ ಫ್ಲ್ಯಾಶ್ ಹಾಕಿದರು. ಗೈಡ್ ಇಡೀ ಗುಂಪನ್ನೇ ಹಿಂದಕ್ಕೆ ಕರೆದುಕೊಂಡು ಬಂದ. ಸಿಟ್ಟು ಬಂತು, ಆದರೆ ಅವನು ಮಾಡಿದ್ದು ಸರಿ.

ರಾತ್ರಿಯದೋ ನಸುಕಿನದೋ ಒಂದೇ ಆರಿಸಬೇಕು ಅಂದರೆ ನಸುಕಿನದೇ ತೆಗೆದುಕೊಳ್ಳಿ. ಜನ ಕಡಿಮೆ. ಬೆಳಕು ಹರಿಯುವಾಗ ಆಮೆ ಗುಂಡಿ ಮುಚ್ಚಿ, ನಿಂತು ನಿಂತು ಸಮುದ್ರಕ್ಕೆ ಇಳಿಯುವುದು ಟಾರ್ಚ್ ಇಲ್ಲದೆಯೇ ಕಾಣುತ್ತದೆ. ಒಂದು ದಿನದ ಪ್ಯಾಕೇಜಿನವರಿಗೆ ಇದು ಸಿಗುವುದೇ ಇಲ್ಲ. ಅಮ್ಮನಿಗೂ ಇದೇ ಅನುಕೂಲ, ನಿದ್ದೆ ಆಗಿರುತ್ತದೆ, ಕಾಲಿಡುವ ಜಾಗ ಕಾಣುತ್ತದೆ. ಮರಳಲ್ಲಿ ಸ್ವಲ್ಪ ದೂರ ನಡೆಯಬೇಕು, ನಿಧಾನಕ್ಕೆ ಬರಲಿ. ಗಾಳಿ ಇರುತ್ತದೆ, ಒಂದು ಶಾಲು ಇಟ್ಟುಕೊಳ್ಳಿ.

ಕಂಪನಿಯವರಿಗೆ ದುಡ್ಡು ಕಟ್ಟುವ ಮುಂಚೆ ಕೇಳಿ: ಲೈಫ್ ಜಾಕೆಟ್ ಮಗನ ಅಳತೆಯದು ಇದೆಯಾ, ಗೈಡ್ ನೀರಿಗೆ ಇಳಿಯುತ್ತಾನಾ ಇಲ್ಲ ದಡದಲ್ಲಿ ಬ್ಯಾಗ್ ಕಾಯುತ್ತಾನಾ, ಆಮೆ ಕೇಂದ್ರದ ಟಿಕೆಟ್ ಸೇರಿದೆಯಾ ಮತ್ತು ಯಾವ ಸರದಿಗೆ, ಮಳೆ ಬಂದರೆ ದುಡ್ಡು ವಾಪಸಾ. ‘ಆಮೆ ಗ್ಯಾರಂಟಿ’ ಅಂದರೆ ಅಲ್ಲಿಗೇ ಫೋನ್ ಇಡಿ. ಹೆಂಗಸರು ಲೆಗಿಂಗ್ಸ್, ಉದ್ದ ಟೀ ಶರ್ಟ್ ಹಾಕಿ ಈಜುವುದು ಇಲ್ಲಿ ಮಾಮೂಲು, ಮೈ ಮುಚ್ಚುವ ಬಟ್ಟೆ ಇರಲಿ ಅಂತ ಬೋರ್ಡೂ ಇದೆ.

ದುಡ್ಡು ಉಳಿಸಲೇಬೇಕು ಅಂದರೆ ಇನ್ನೊಂದು ದಾರಿ: ತಮ್ಮನ ಕಾರಲ್ಲೇ ಹೋಗಿ. ರಸ್ತೆ ಪೂರ್ತಿ ಡಾಂಬರು, ಫೋರ್ ವೀಲ್ ಡ್ರೈವ್ ಬೇಡ. ಹೈವೇಯಲ್ಲಿ 120 ದಾಟಬೇಡಿ, ಕ್ಯಾಮೆರಾಗಳಿವೆ. ಕಣಿವೆಗೆ ಮಾತ್ರ ಒಬ್ಬ ಗೈಡ್ ಗೊತ್ತು ಮಾಡಿಕೊಳ್ಳಿ, ಆಮೆ ಟಿಕೆಟ್ ಮತ್ತು ರೂಮು ನೀವೇ ಬುಕ್ ಮಾಡಿ. ತಮ್ಮನಿಗೆ ಚೆನ್ನಾಗಿ ಈಜು ಬಂದು, ಎರಡು ಒಳ್ಳೆ ಲೈಫ್ ಜಾಕೆಟ್ ಹೊಂದಿಸಿಕೊಂಡರೆ ಆ ಗೈಡ್ ಕೂಡ ಬೇಕಾಗುವುದಿಲ್ಲ. ಅವನಿಗೆ ಎಷ್ಟು ಈಜು ಬರುತ್ತದೆ ಅಂತ ಅವನನ್ನಲ್ಲ, ಅವನ ಹೆಂಡತಿಯನ್ನು ಕೇಳಿ.