ಮೂರು ತಿಂಗಳ ಗೆಲುವು ನಂಬಿ ದೊಡ್ಡ ಮೇಜಿಗೆ ಹೋಗಬಹುದೇ?

ಪ್ರಶ್ನೆ: ನನಗೆ 27 ವರ್ಷ. ನರಸಾಪುರದ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ. 2025ರಲ್ಲಿ ಮೊಬೈಲಿನಲ್ಲಿ ಪೋಕರ್ ಆಡುತ್ತಿದ್ದೆ. ಆರು ಜನರ, 2–5 ರೂಪಾಯಿ ಬ್ಲೈಂಡ್ (ಎಲೆ ಹಂಚುವ ಮೊದಲೇ ಇಬ್ಬರು ಕಡ್ಡಾಯವಾಗಿ ಇಡುವ ಹಣ) ಮೇಜಿನಲ್ಲಿ ಮೂರು ತಿಂಗಳಲ್ಲಿ 12,000 ಕೈ (ಸುತ್ತು) ಆಡಿ 4,800 ರೂಪಾಯಿ ಗೆದ್ದೆ. ಆಗಸ್ಟ್‌ನಲ್ಲಿ ಆ್ಯಪ್‌ನವರು ಹಣದ ಆಟ ನಿಲ್ಲಿಸಿದರು. ಈಗ ಸ್ನೇಹಿತನೊಬ್ಬ ವಿದೇಶಿ ಆ್ಯಪ್ ತೋರಿಸಿದ್ದಾನೆ. ಅಲ್ಲಿ 10–20ರ ಮೇಜಿದೆ, ನನ್ನ ಬಳಿ ಎತ್ತಿಟ್ಟ 30,000 ರೂಪಾಯಿ ಇದೆ. ಮೇಲಿನ ಮೇಜಿಗೆ ಹೋಗಲು ಇದು ಸರಿಯಾದ ಸಮಯವೇ? ಹಿಂದೆ ಒಂದು ಕೈ ಸೋತ ರಾತ್ರಿ ನನಗೆ ನಿದ್ದೆ ಬರಲಿಲ್ಲ.
– ಹೆಸರು ಬೇಡ, ಕೋಲಾರ

ಉತ್ತರ: ಹೋಗಬೇಡಿ. ಕಾನೂನಿನ ಮಾತನ್ನು ಆಮೇಲೆ ಹೇಳುತ್ತೇನೆ. ಎಷ್ಟು ಕೈ ಆಡಿದೆ ಎಂದು ಬರೆದಿಟ್ಟುಕೊಳ್ಳುವ ಆಟಗಾರರು ಕಡಿಮೆ, ನೀವು ಬರೆದಿಟ್ಟಿದ್ದೀರಿ. ಆದ್ದರಿಂದ ಮೊದಲು ನಿಮ್ಮ ಲೆಕ್ಕವನ್ನೇ ನೋಡೋಣ.

ದೊಡ್ಡ ಬ್ಲೈಂಡ್ 5 ರೂಪಾಯಿಯಾದರೆ 4,800 ಎಂದರೆ 960 ಬ್ಲೈಂಡ್, ಅಂದರೆ ನೂರು ಕೈಗೆ 8. ಕೇಳಲು ಬಹಳ ಚೆನ್ನಾಗಿದೆ. ಆದರೆ ಆರು ಜನರ ನೋ-ಲಿಮಿಟ್ ಹೋಲ್ಡಮ್‌ನಲ್ಲಿ (ಒಡ್ಡುವ ಹಣಕ್ಕೆ ಮಿತಿಯಿಲ್ಲದ ಪೋಕರ್) ನೂರು ಕೈಗಳ ಫಲಿತಾಂಶ ಸರಾಸರಿಯಿಂದ ಸುಮಾರು 90 ಬ್ಲೈಂಡ್‌ನಷ್ಟು ಆಚೀಚೆ ತೂಗಾಡುತ್ತದೆ. ಎಕ್ಕದ ಜೋಡಿ ಹಿಡಿದು ಎಲ್ಲವನ್ನೂ ಒಡ್ಡಿದವನು ಕೂಡ ರಾಜನ ಜೋಡಿಯ ಎದುರು ನೂರರಲ್ಲಿ ಸುಮಾರು 18 ಸಲ ಸೋಲುತ್ತಾನೆ. ನೀವು ಆಡಿದ್ದು ನೂರು ಕೈಗಳ 120 ಕಂತು. 90ನ್ನು 120ರ ವರ್ಗಮೂಲದಿಂದ ಭಾಗಿಸಿದರೆ 8.2 ಬರುತ್ತದೆ. ನಿಮ್ಮ ಸರಾಸರಿ ಅದೃಷ್ಟದಿಂದಲೇ ಆಚೀಚೆ ತೂಗಾಡುವ ಪ್ರಮಾಣ ಅದು. ಅದರ ಇಮ್ಮಡಿಯನ್ನು ನಿಮ್ಮ 8ಕ್ಕೆ ಒಮ್ಮೆ ಕೂಡಿಸಿ, ಒಮ್ಮೆ ಕಳೆದು ನೋಡಿ. ನಿಮ್ಮ ನಿಜವಾದ ದರ ನೂರು ಕೈಗೆ 24 ಬ್ಲೈಂಡ್ ಗೆಲುವೂ ಆಗಿರಬಹುದು, 8 ಬ್ಲೈಂಡ್ ಸೋಲೂ ಆಗಿರಬಹುದು. ನಿಮ್ಮ ದಾಖಲೆ ಇಷ್ಟನ್ನು ಮಾತ್ರ ಹೇಳುತ್ತದೆ. ಆ 8.2 ಎಂಬುದು 2ಕ್ಕೆ ಇಳಿಯಬೇಕಾದರೆ ಎರಡು ಲಕ್ಷ ಕೈ ಬೇಕು. ನಿಮ್ಮ ವೇಗದಲ್ಲಿ ಅದು ನಾಲ್ಕು ವರ್ಷಕ್ಕೂ ಹೆಚ್ಚಿನ ಆಟ.

ಕೋಲಾರದವರಿಗೆ ಇದು ಹೊಸ ಪಾಠವಲ್ಲ. 2023ರ ಜುಲೈನಲ್ಲಿ ನಮ್ಮ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತು. ಎರಡೇ ತಿಂಗಳಲ್ಲಿ ಬೆಲೆ ನೆಲ ಕಚ್ಚಿತು. ಜುಲೈನ ಒಂದು ಲೋಡ್ ನೋಡಿ ಯಾರಾದರೂ ನಾಲ್ಕು ಪಟ್ಟು ಜಮೀನು ಗುತ್ತಿಗೆ ಹಿಡಿಯುತ್ತೇನೆ ಎಂದರೆ ನಿಮ್ಮ ತಂದೆ ಒಪ್ಪುತ್ತಿದ್ದರೇ?

ನೀವು ಕೇಳುತ್ತಿರುವುದೂ ನಾಲ್ಕು ಪಟ್ಟಿನ ಜಿಗಿತವನ್ನೇ. 2–5ರ ಮೇಜಿನಲ್ಲಿ ಒಮ್ಮೆ ಕೂರಲು 500 ರೂಪಾಯಿ ಸಾಕು, ನಿಮ್ಮ 30,000ದಲ್ಲಿ 60 ಸಲ ಕೂರಬಹುದು. 10–20ರಲ್ಲಿ ಒಂದು ಸಲಕ್ಕೆ 2,000 ಬೇಕು, ಹದಿನೈದೇ ಸಲ. ಅಲ್ಲಿ ಎದುರಾಳಿಗಳು ಗಟ್ಟಿಯಿರುತ್ತಾರೆ. ನೂರು ಕೈಗೆ 2 ಬ್ಲೈಂಡ್ ಗೆಲ್ಲುವಷ್ಟು ಚೆನ್ನಾಗಿ ಆಡುತ್ತೀರಿ ಎಂದೇ ಇಟ್ಟುಕೊಳ್ಳಿ. ಆಗಲೂ, ಕೆಳಗಿಳಿಯದೆ ಅಲ್ಲೇ ಆಡುತ್ತಾ ಹೋದರೆ ಇಡೀ ಗಂಟು ಕರಗುವ ಸಾಧ್ಯತೆ ನೂರಕ್ಕೆ ಸುಮಾರು 48. ಅದೇ 60 ಸಲದ ಗಂಟಿದ್ದರೆ ಆ ಸಾಧ್ಯತೆ 5ರ ಆಸುಪಾಸು. ಆಟ ಅದೇ, ಆಡುವವನೂ ಅವನೇ. ಬದಲಾದದ್ದು ಗಂಟಿನ ಗಾತ್ರ ಮಾತ್ರ. ಈ ಎರಡು ಅಂಕಿಗಳನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ ಎನ್ನುವಷ್ಟು ಅವು ನನಗೆ ಮುಖ್ಯ.

ಹಣದ ಪೋಕರ್‌ಗೆ ಅನುಮತಿ ಇರುವ ದೇಶಗಳಲ್ಲಿ ಎಚ್ಚರದ ಆಟಗಾರರು ಮುಂದಿನ ಮೇಜಿಗೆ 40 ಸಲ ಕೂರುವಷ್ಟು ಹಣ ಕೂಡಿದ ಮೇಲೆ ಒಂದೇ ಮೆಟ್ಟಿಲು ಹತ್ತುತ್ತಾರೆ. ಎಷ್ಟಕ್ಕೆ ಇಳಿದರೆ ವಾಪಸ್ ಬರಬೇಕು ಎಂಬುದನ್ನು ಹತ್ತುವ ಮೊದಲೇ ಬರೆದಿಡುತ್ತಾರೆ. ಸೋಲುತ್ತಿರುವಾಗ ಆ ತೀರ್ಮಾನ ಯಾರಿಂದಲೂ ಆಗುವುದಿಲ್ಲ.

ಇನ್ನು ಕಾನೂನು. ಕೌಶಲದ ಆಟ, ಹೈಕೋರ್ಟೇ ನಿಷೇಧವನ್ನು ರದ್ದು ಮಾಡಿದೆ ಎಂದು ಸ್ನೇಹಿತ ಹೇಳಿರಬಹುದು. 2022ರ ಫೆಬ್ರುವರಿಯಲ್ಲಿ ರದ್ದಾದದ್ದು ಆನ್‌ಲೈನ್ ಹಣದ ಆಟವನ್ನು ನಿಷೇಧಿಸಿದ್ದ ರಾಜ್ಯದ ಕಾಯ್ದೆ ತಿದ್ದುಪಡಿ ಮಾತ್ರ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಕಾಯ್ದೆ ಕೌಶಲವೋ ಅದೃಷ್ಟವೋ ಎಂದು ನೋಡುವುದೇ ಇಲ್ಲ. ಹಣ ಒಡ್ಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುತ್ತದೆ, ಹೊರದೇಶದಿಂದ ಇಲ್ಲಿನವರಿಗೆ ಆಡಿಸುವುದನ್ನೂ ಸೇರಿಸಿ. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಆ ಕಾಯ್ದೆಯಲ್ಲಿ ಆಡುವವನಿಗೆ ಶಿಕ್ಷೆ ಇಲ್ಲ ಎಂಬುದು ನಿಜ. ಆದರೆ ಇಂಥ ಆ್ಯಪ್‌ಗಳಿಗೆ ಹಣ ಹೋಗುವುದು ಸಾಮಾನ್ಯವಾಗಿ ಯಾರದೋ ಹೆಸರಿನ ಯುಪಿಐ ಖಾತೆಗೆ. ಆ ಖಾತೆ ತನಿಖೆಗೆ ಸಿಕ್ಕಿದರೆ ಅದರ ಜೊತೆ ವ್ಯವಹರಿಸಿದ ನಿಮ್ಮ ಸಂಬಳದ ಖಾತೆಯೂ ಸ್ತಂಭಿಸಬಹುದು. ಗೆದ್ದ ಹಣ ಬರದಿದ್ದರೆ ದೂರು ಕೊಡಲು ಬಾಗಿಲೇ ಇಲ್ಲ.

ಪತ್ರದ ಕೊನೆಗೆ, ಒಂದು ಕೈ ಸೋತ ರಾತ್ರಿ ನಿದ್ದೆ ಬರಲಿಲ್ಲ ಎಂದೂ ಬರೆದಿದ್ದೀರಿ. ಅದು ನನ್ನ ಮನಸ್ಸಿನಲ್ಲಿ ಉಳಿದಿದೆ. ಮತ್ತೆ ಹಾಗಾದರೆ, ಕಳೆದದ್ದನ್ನು ಮರಳಿ ಪಡೆಯಬೇಕೆಂಬ ತುಡಿತ ಎದ್ದರೆ, 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತನಾಡಬಹುದು.

ಆಟದ ಮೇಲಿನ ಪ್ರೀತಿಯನ್ನು ಬಿಡಿ ಎನ್ನುವುದಿಲ್ಲ. ಹಣವಿಲ್ಲದ ಮೇಜುಗಳಿವೆ. ಅಲ್ಲಿ ಜನ ಅಡ್ಡಾದಿಡ್ಡಿ ಆಡುತ್ತಾರೆ, ಆದರೂ ಯೋಚಿಸುವ ಅಭ್ಯಾಸಕ್ಕೆ ಅಷ್ಟು ಸಾಕು. 30,000 ಬ್ಯಾಂಕಿನಲ್ಲೇ ಇರಲಿ. ನಿಮ್ಮ 12,000 ಕೈಗಳ ದಾಖಲೆಯಿಂದ, ಎಲ್ಲವನ್ನೂ ಒಡ್ಡಿದ ಹತ್ತು ಕೈಗಳನ್ನು ಆರಿಸಿ. ಯಾರು ಗೆದ್ದರು ಎಂಬುದನ್ನು ಮುಚ್ಚಿಟ್ಟು, ಹಾಗೆ ಒಡ್ಡಲು ಕಾರಣವೇನಿತ್ತು ಎಂಬುದನ್ನು ಮಾತ್ರ ಬರೆದು ಕಳುಹಿಸಿ. ನಾನೂ ಕೂತು ನೋಡುತ್ತೇನೆ.